ಮುದ್ದೆಗೆ ನಕ್ಕವರು ಕೇರಿಯನ್ನು ಕಾಣಲಿಲ್ಲ

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಕಾವೇರಿ ಉಕ್ಕಿತು. ನಮ್ಮ ಅರಕಲಗೂಡು ತಾಲ್ಲೂಕಿನ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ನಮ್ಮ ರುದ್ರಪಟ್ಟಣದ ಹತ್ತಿರದ ರಾಮನಾಥಪುರದಲ್ಲಿ ಮನೆ ಕಳಕೊಂಡವರಿಗೆ ಶಿಬಿರ ತೆರೆದರು. ಆಗ ಲೋಕೋಪಯೋಗಿ ಮಂತ್ರಿಯಾಗಿದ್ದ ಎಚ್.ಡಿ. ರೇವಣ್ಣನವರು ಆ ಶಿಬಿರಕ್ಕೆ ಬಂದು, ನಿಂತ ಜಾಗದಿಂದಲೇ ಬಿಸ್ಕತ್ತಿನ ಪೊಟ್ಟಣಗಳನ್ನು ಜನರ ಕಡೆಗೆ ಎಸೆದರು. ಆ ವಿಡಿಯೋ ದೇಶವೆಲ್ಲ ಸುತ್ತಿತು. ನಡೆಯೋಕೆ ಜಾಗ ಇರಲಿಲ್ಲ, ಅದಕ್ಕೇ ಹಂಗೆ ಕೊಟ್ಟರು ಅಂತ ಮುಖ್ಯಮಂತ್ರಿಯಾಗಿದ್ದ ತಮ್ಮ ಕುಮಾರಸ್ವಾಮಿಯವರು ಸಮರ್ಥನೆ ಕೊಟ್ಟರು. ಟಿ.ವಿ.ಯವರು ಅದನ್ನೇ ತಿರುಗಿಸಿ ಮುರುಗಿಸಿ ತೋರಿಸಿದರು. ಮೊಬೈಲುಗಳಲ್ಲಿ ಅದಕ್ಕೆ ಸಿನಿಮಾ ಹಾಡು ಅಂಟಿಸಿದರು. ಮೊದಲೇ ರೇವಣ್ಣನವರ ಕೈಯಲ್ಲಿರುವ ನಿಂಬೆಹಣ್ಣು ನೋಡಿ ನಗುತ್ತಿದ್ದವರಿಗೆ ಬಿಸ್ಕತ್ತೂ ಸಿಕ್ಕಿತು. ನಾಡೇ ಬಿದ್ದು ಬಿದ್ದು ನಕ್ಕಿತು.

ನಾವು ಕೇಳುತ್ತೇವೆ: ಯಾಕೆ ನಕ್ಕಿರಿ?

ದೂರ ನಿಂತು ಎಸೆಯುವ ಕೈ ನಮಗೆ ಹೊಸದಲ್ಲ. ಬೊಗಸೆಯೊಡ್ಡಿದವರಿಗೆ ಮೇಲಿನಿಂದ ನೀರು ಸುರಿದ ಚೊಂಬು, ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಸೆರಗಿಗೆ ಎಸೆದ ತಂಗಳು, ಹಬ್ಬದ ದಿನ ಕೈಗೆ ಕೈ ತಾಗದ ಹಾಗೆ ಎಲೆಗೆ ಬೀಳಿಸಿದ ಎಡೆ, ಇವೆಲ್ಲ ನಮ್ಮ ಅಜ್ಜಿ ತಾಯಿಯರ ಬಾಳು. ಎಸೆದವರ ಮನಸ್ಸಿನಲ್ಲಿ ಆ ದಿನ ಏನಿತ್ತೋ ನಾವು ಹೊಕ್ಕು ನೋಡಿಲ್ಲ. ಆದರೆ ಆ ಕೈಯ ಅಭ್ಯಾಸ ಎಷ್ಟು ಹಳೆಯದು ಅಂತ ನಮಗೆ ಗೊತ್ತು. ಈ ನಾಡಿನ ಧಣಿತನ ಇಡಿಯಾಗಿ ಒಂದು ಕ್ಷಣ ಕ್ಯಾಮೆರಾದ ಮುಂದೆ ಬಂದು ನಿಂತಿತ್ತು. ಹಾಸ್ಯದವರು ಅದನ್ನು ಒಬ್ಬ ಮನುಷ್ಯನ ಪೆದ್ದುತನ ಮಾಡಿ ಬಿಸಾಕಿದರು. ವಾರ ಕಳೆಯಿತು, ನಗು ಮುಗಿಯಿತು. ನೀರು ನುಗ್ಗಿದ ಮನೆಗಳಿಗೆ ಪರಿಹಾರ ಬಂತಾ, ಹೊಳೆ ಉಕ್ಕಿದಾಗಲೆಲ್ಲ ಮೊದಲು ಮುಳುಗುವ ತಗ್ಗಿನ ಜಾಗ ಯಾರಿಗೆ ಯಾಕೆ ಸಿಕ್ಕಿತು, ಇದನ್ನು ಕೇಳಲು ನಕ್ಕವರಲ್ಲಿ ಎಷ್ಟು ಜನ ರಾಮನಾಥಪುರಕ್ಕೆ ವಾಪಸು ಬಂದರು?

ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಪತ್ರಿಕೆಗಳು, ಟಿ.ವಿ.ಗಳು, ರಾಜಕೀಯ ಹಾಸ್ಯದ ಅಂಗಡಿಗಳು ಒಬ್ಬ ನಾಯಕನನ್ನು ಗೇಲಿ ಮಾಡುವಾಗ ಅವನು ಬಡವರ ಜೊತೆ ಹಂಚಿಕೊಂಡಿರುವುದನ್ನು, ಅಂದರೆ ಅವನ ಊಟವನ್ನು, ನುಡಿಯನ್ನು, ಮೈಯನ್ನು, ನಿದ್ದೆಯನ್ನು ಗೇಲಿ ಮಾಡುತ್ತವೆ. ಅವನು ಉಳ್ಳವರ ಜೊತೆ ಹಂಚಿಕೊಂಡಿರುವ ಜಮೀನು, ಜಾತಿ, ಅಧಿಕಾರಗಳನ್ನು ಮುಟ್ಟದೆ ಬಿಡುತ್ತವೆ. ಆದ್ದರಿಂದ ಈ ನಗುವಿನ ಪೆಟ್ಟು ನಾಯಕನಿಗೆ ಬೀಳುವುದಿಲ್ಲ, ನಮಗೆ ಬೀಳುತ್ತದೆ.

ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯದೇ ಇದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ, 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ದೇಶದ ಪ್ರಧಾನಮಂತ್ರಿಯಾದರು. ಹತ್ತೂಮುಕ್ಕಾಲು ತಿಂಗಳು ಆ ಕುರ್ಚಿಯಲ್ಲಿದ್ದರು. ಆ ತಿಂಗಳುಗಳಲ್ಲಿ ದೆಹಲಿಯ ಇಂಗ್ಲಿಷ್ ಪತ್ರಿಕೆಗಳು ಅವರ ಬಗ್ಗೆ ಬರೆದದ್ದರಲ್ಲಿ ಜನರ ನೆನಪಿಗೆ ನಿಂತದ್ದು ಮೂರೇ: ಅವರು ಸಭೆಯಲ್ಲಿ ನಿದ್ದೆ ಮಾಡ್ತಾರೆ, ಅವರಿಗೆ ಹಿಂದಿ ಬರಲ್ಲ, ಅವರು ರಾಗಿಮುದ್ದೆ ತಿಂತಾರೆ. ತಮ್ಮನ್ನು ತಾವು ಬಡ ರೈತ ಅಂತ ಅವರು ಕರೆದುಕೊಂಡದ್ದನ್ನು ಹಿಡಿದು ಆಡಿಸಿದರು. ಕೆಂಪುಕೋಟೆಯಲ್ಲಿ ಆಗಸ್ಟ್ 15ರಂದು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಹಿಂದಿಯನ್ನು ಓದಿದರು ಅಂತ ನಕ್ಕರು. ಯಾಕಪ್ಪಾ, ಹಿಂದಿ ಬಾರದ ಮನುಷ್ಯ ಈ ದೇಶದ ಪ್ರಧಾನಿಯಾಗಬಾರದು ಅಂತ ಸಂವಿಧಾನದ ಯಾವ ವಿಧಿಯಲ್ಲಿ ಬರೆದಿದೆ? ಇಂಗ್ಲಿಷ್ ಅಕ್ಷರದಲ್ಲಿ ಹಿಂದಿ ಬರೆದುಕೊಂಡು ಓದುವ ಸಿನಿಮಾ ತಾರೆಯರನ್ನು ಕಂಡು ಯಾರೂ ನಗಲಿಲ್ಲವಲ್ಲ!

ಮುದ್ದೆಯ ಮಾತು ಕೇಳಿ. ಮುದ್ದೆ ದೇವೇಗೌಡರೊಬ್ಬರ ಊಟವಲ್ಲ. ಹಾಸನ, ಮಂಡ್ಯ, ತುಮಕೂರು, ಕೋಲಾರದ ಕೂಲಿಕಾರರನ್ನು ಬೆನ್ನು ನೆಟ್ಟಗೆ ನಿಲ್ಲಿಸಿರುವುದು ಆ ಮುದ್ದೆ. ರಾಗಿ ಬಿತ್ತಿ, ಕಳೆ ಕಿತ್ತು, ಕುಯ್ದು, ಕಣದಲ್ಲಿ ಬಡಿದು, ತೂರಿ, ಕೊನೆಗೆ ಬೀಸೋಕಲ್ಲಿನ ಮುಂದೆ ಕೂತ ಕೈಗಳು ಯಾರವು? ಕಣದಲ್ಲಿ ರಾಶಿ ಎದ್ದ ಮೇಲೆ ಮೊರದ ತುದಿಯಲ್ಲಿ ಅಳೆಸಿಕೊಂಡು ಹೋದವರು ಯಾರು? ಆ ಪ್ರಶ್ನೆ ಕೇಳಿದ್ದರೆ ಪತ್ರಿಕೆಯವರಿಗೆ ನಿಜವಾದ ಸುದ್ದಿ ಸಿಗುತ್ತಿತ್ತು. ರೈತ ಅಂತ ಹೇಳಿಕೊಳ್ಳುವವರ ಹೊಲದಲ್ಲಿ ದುಡಿಯುವ, ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲದ ಜನ ಕಾಣುತ್ತಿದ್ದರು. ಅವರಿಗೆ ಮುದ್ದೆ ಕಂಡಿತು, ಮುದ್ದೆಯ ಹಿಂದಿನ ಕೈ ಕಾಣಲಿಲ್ಲ.

ಅದೇ ತಿಂಗಳುಗಳಲ್ಲಿ ದೇಶದಲ್ಲಿ ಏನೇನು ನಡೆಯಿತು ನೋಡಿ. 1996ರ ಜುಲೈ 11ರಂದು ಬಿಹಾರದ ಭೋಜಪುರ ಜಿಲ್ಲೆಯ ಬಥಾನಿ ತೋಲಾದಲ್ಲಿ ಭೂಮಾಲೀಕರ ರಣವೀರ ಸೇನೆ 21 ಜನರನ್ನು ಕೊಂದಿತು. ಸತ್ತವರು ದಲಿತರು, ಮುಸಲ್ಮಾನರು, ಹಿಂದುಳಿದವರು. ಹೆಚ್ಚಿನವರು ಹೆಂಗಸರು, ಮಕ್ಕಳು. 2012ರಲ್ಲಿ ಪಟ್ನಾ ಹೈಕೋರ್ಟು ಆ ಪ್ರಕರಣದ 23 ಆರೋಪಿಗಳನ್ನು ಬಿಡುಗಡೆ ಮಾಡಿತು. ಸೆಪ್ಟೆಂಬರ್ 12ರಂದು ಮಹಿಳಾ ಮೀಸಲಾತಿಯ ಮಸೂದೆಯನ್ನು ಮೊದಲ ಸಲ ಲೋಕಸಭೆಯಲ್ಲಿ ಇಟ್ಟರು. ಅದು ಕಾಯಿದೆಯಾಗಿ ಬರಲು 2023 ಆಗಬೇಕಾಯಿತು. ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದವಾಯಿತು. ಅದೇ ಡಿಸೆಂಬರ್‌ನಲ್ಲಿ ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯಿದೆ ಬಂತು. ಹೊಗಳುವುದಕ್ಕೂ ಇತ್ತು, ತೆಗಳುವುದಕ್ಕೂ ಇತ್ತು, ಕಾಲರ್ ಹಿಡಿದು ಕೇಳುವುದಕ್ಕಂತೂ ಬೇಕಾದಷ್ಟಿತ್ತು. ಬಥಾನಿ ತೋಲಾದ ಬಗ್ಗೆ ನಿಮ್ಮ ಸರ್ಕಾರ ಏನು ಮಾಡಿತು ಅಂತ ಎಬ್ಬಿಸಿ ಕೇಳಿದ್ದರೆ ನಿದ್ದೆಯ ಮಾತಿಗೂ ಒಂದು ಅರ್ಥ ಬರುತ್ತಿತ್ತು. ಇಂದು ನಮ್ಮ ಕಾಲೇಜು ಹುಡುಗರನ್ನು ನಿಲ್ಲಿಸಿ ಕೇಳಿ ನೋಡಿ. ನಿದ್ದೆ ಮಾಡ್ತಿದ್ದ ಪ್ರಧಾನಿ ಅಂತಾರೆ. ಬಥಾನಿ ತೋಲಾ ಅಂದರೆ ಯಾವ ಊರು ಸಾರ್ ಅಂತಾರೆ. ಇದಕ್ಕೆ ಹುಡುಗರನ್ನು ಬೈಯಬೇಡಿ. ಅವರ ತಲೆಯೊಳಗೆ ಏನಿರಬೇಕು ಏನಿರಬಾರದು ಅಂತ ತೀರ್ಮಾನ ಮಾಡಿದವರನ್ನು ಹುಡುಕಿ.

ಹುಡುಕಿದವರೊಬ್ಬರಿದ್ದಾರೆ. 1996ರಲ್ಲೇ, ದೆಹಲಿಯಲ್ಲೇ, ದೇವೇಗೌಡರು ಪ್ರಧಾನಿಯಾಗಿದ್ದಾಗಲೇ. ಅಮೆರಿಕದ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ವರದಿಗಾರ ಕೆನೆತ್ ಕೂಪರ್ ಅಲ್ಲಿದ್ದರು. ಅವರು ಕಪ್ಪು ಜನಾಂಗದವರು. ದಲಿತರ ವಿಷಯ ಮಾತಾಡಲು ಒಬ್ಬ ದಲಿತ ಪತ್ರಕರ್ತರ ಪರಿಚಯ ಮಾಡಿಕೊಡಿ ಅಂತ ಹಿರಿಯ ಪತ್ರಕರ್ತ ಬಿ.ಎನ್. ಉನಿಯಾಲ್ ಅವರನ್ನು ಕೇಳಿದರು. ಉನಿಯಾಲರಿಗೆ ಒಬ್ಬರೂ ನೆನಪಾಗಲಿಲ್ಲ. ಸರ್ಕಾರದ ಮಾನ್ಯತೆ ಪಡೆದ ಪತ್ರಕರ್ತರ ಪಟ್ಟಿ ತೆಗೆದು ನೋಡಿದರು. ಪಟ್ಟಿಯಲ್ಲಿ 686 ಹೆಸರು. ಅದರಲ್ಲಿ 454 ಜನರ ಹೆಸರಿನ ಬಾಲದಲ್ಲೇ ಜಾತಿ ಇತ್ತು. ಆ 454ರಲ್ಲಿ 240 ಬ್ರಾಹ್ಮಣರು. ದಲಿತರು ಒಬ್ಬರೂ ಇಲ್ಲ. ಉಳಿದವರಲ್ಲಿ ಕೆಲವರಿಗೆ ಫೋನು ಮಾಡಿ ಕೇಳಿದರು, ಅಲ್ಲಿಯೂ ಇಲ್ಲ. ನವೆಂಬರ್ 16ರಂದು 'ಪಯೊನಿಯರ್' ಪತ್ರಿಕೆಯಲ್ಲಿ ಅದನ್ನು ಬರೆದರು. ಹತ್ತು ವರ್ಷದ ಮೇಲೆ, 2006ರಲ್ಲಿ, ಅನಿಲ್ ಚಮಡಿಯಾ, ಯೋಗೇಂದ್ರ ಯಾದವ್ ಮತ್ತು ಜಿತೇಂದ್ರ ಕುಮಾರ್ ದೆಹಲಿಯ 37 ಹಿಂದಿ-ಇಂಗ್ಲಿಷ್ ಸುದ್ದಿಸಂಸ್ಥೆಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿದ್ದ 315 ಜನರ ಲೆಕ್ಕ ಹಿಡಿದರು. ಅದರಲ್ಲೂ ಒಬ್ಬ ದಲಿತನಿಲ್ಲ, ಒಬ್ಬ ಆದಿವಾಸಿಯಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಗೆಳೆಯರೆ. ಮುದ್ದೆಗೆ ನಕ್ಕ ಕೋಣೆ ಅದೇ, ದಲಿತನೇ ಇಲ್ಲದ ಕೋಣೆಯೂ ಅದೇ. ಆ ಕೋಣೆಯಲ್ಲಿ ಮುದ್ದೆ ಉಂಡು ಬೆಳೆದವನೊಬ್ಬ ಕೂತಿದ್ದರೆ ಆ ನಗು ಬಾಯಿಂದ ಹೊರಗೆ ಬರುತ್ತಿತ್ತಾ? ಹೊರಗಿನಿಂದ ಬಂದ ಒಬ್ಬ ಕಪ್ಪು ಮನುಷ್ಯ ಕೇಳುವ ತನಕ ಆ ಕೋಣೆಯಲ್ಲಿ ಯಾರಿಲ್ಲ ಅಂತ ಕೋಣೆಯವರಿಗೇ ಹೊಳೆದಿರಲಿಲ್ಲ!

ಅಮೆರಿಕದಲ್ಲಿ ಇದೆಲ್ಲ ಸರಿ ಇದೆ ಅಂತ ಯಾರೂ ತಿಳಿಯಬೇಡಿ. ಅಲ್ಲಿ ರಾಷ್ಟ್ರಾಧ್ಯಕ್ಷರನ್ನು ಗೇಲಿ ಮಾಡುವುದು ಒಂದು ದೊಡ್ಡ ಉದ್ಯಮ. 1977ರಲ್ಲಿ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಸಣ್ಣ ಊರಿನವರು, ಕಡಲೆಕಾಯಿ ಬೆಳೆಗಾರರು. ವ್ಯಂಗ್ಯಚಿತ್ರಕಾರರು ಅವರ ಹಲ್ಲು ಬರೆದರು, ಅವರನ್ನೇ ಕಡಲೆಕಾಯಿಯಾಗಿ ಬರೆದರು, ದಕ್ಷಿಣ ಸೀಮೆಯ ಅವರ ನುಡಿಯನ್ನು ಅಣಕಿಸಿದರು. ಆದರೆ ಆ ಸೀಮೆಯ ಹೊಲಗಳಲ್ಲಿ ಕಡಲೆಕಾಯಿ ಕಿತ್ತವರು ಯಾರು? ತಮ್ಮ ತಂದೆಯ ಜಮೀನಿನಲ್ಲಿ ಕಪ್ಪು ಜನರ ಕುಟುಂಬಗಳು ದುಡಿದದ್ದನ್ನು ಕಾರ್ಟರ್ ಅವರೇ 2001ರಲ್ಲಿ ತಮ್ಮ ಬಾಲ್ಯದ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ನಗೆಚಿತ್ರದಲ್ಲಿ ಕಡಲೆಕಾಯಿ ಬಂತು, ಆ ಕೈಗಳು ಬರಲಿಲ್ಲ. ಪ್ಲೇನ್ಸ್ ಆಗಲಿ ಹರದನಹಳ್ಳಿಯಾಗಲಿ ಕಥೆ ಒಂದೇ ಹದದ್ದು.

ಕಾರ್ಟರ್‌ಗಿಂತ ಹಿಂದೆ ಇದ್ದವರು ಜೆರಾಲ್ಡ್ ಫೋರ್ಡ್. 1975ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ವಿಮಾನದ ಮೆಟ್ಟಿಲಿಳಿಯುವಾಗ ಕಾಲು ಜಾರಿದರು. ಅದೇ ವರ್ಷ ಶುರುವಾದ 'ಸ್ಯಾಟರ್ಡೆ ನೈಟ್ ಲೈವ್' ಎಂಬ ಟಿ.ವಿ. ಹಾಸ್ಯದಲ್ಲಿ ಚೆವಿ ಚೇಸ್ ಎಂಬ ನಟ ಎಡವೋದು, ಬೀಳೋದು ಮಾಡಿ ಜನರನ್ನು ನಗಿಸಿದ. ಕಾಲೇಜು ದಿನಗಳಲ್ಲಿ ಹೆಸರಾದ ಫುಟ್‌ಬಾಲ್ ಆಟಗಾರನಾಗಿದ್ದ ಮನುಷ್ಯ ಜಗತ್ತಿನ ನೆನಪಿನಲ್ಲಿ ಎಡವುಗಾಲಿನವನಾಗಿ ಉಳಿದ. ಅದೇ 1975ರ ಡಿಸೆಂಬರ್ 6ರಂದು ಫೋರ್ಡ್ ಮತ್ತು ಕಿಸಿಂಜರ್ ಜಕಾರ್ತಾದಲ್ಲಿ ಸುಹಾರ್ತೋ ಜೊತೆ ಕೂತಿದ್ದರು. ಮಾರನೆಯ ದಿನ ಇಂಡೋನೇಷ್ಯಾದ ಸೈನ್ಯ ಪೂರ್ವ ತೈಮೂರ್‌ಗೆ ನುಗ್ಗಿತು. ಅಮೆರಿಕದ ಒಪ್ಪಿಗೆ ಸಿಕ್ಕಿಯೇ ನುಗ್ಗಿದ್ದು ಅಂತ 2001ರಲ್ಲಿ ಹೊರಬಂದ ಸರ್ಕಾರಿ ಕಡತಗಳೇ ಹೇಳುತ್ತವೆ. ಆ ಪುಟ್ಟ ದೇಶದ ಜನ ಇಪ್ಪತ್ತನಾಲ್ಕು ವರ್ಷ ಆ ಬೂಟುಗಾಲಿನ ಕೆಳಗೆ ಸತ್ತರು. ಜಾರಿದ ಕಾಲಿಗೆ ಕೋಟಿ ಜನ ನಕ್ಕರು, ತುಳಿದ ಕಾಲಿಗೆ ಹಾಸ್ಯವೂ ಇಲ್ಲ, ಶೋಕವೂ ಇಲ್ಲ. ಇಂಥ ನಗುವಿನಿಂದ ಅಧಿಕಾರ ಹೆದರುತ್ತದೆ ಅಂತ ನಂಬಿರುವವರು ಇದನ್ನು ಕಣ್ಣು ಬಿಟ್ಟು ಓದಬೇಕು.

ಇನ್ನು ಪಟ್ಟಭದ್ರರ ನಗು ನಮ್ಮವರ ಮೇಲೇ ತಿರುಗಿದಾಗ ಏನಾಯಿತು ಅದನ್ನೂ ನೆನೆಯೋಣ.

1973ರ ನವೆಂಬರ್‌ನಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಒಂದು ಭಾಷಣ ಮಾಡಿದರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದರು. ಉದ್ದ ಭಾಷಣದಲ್ಲಿ ಪತ್ರಿಕೆಗಳಿಗೆ ಸಿಕ್ಕಿದ್ದು ಆ ಒಂದೇ ಶಬ್ದ. ದಲಿತರು ಓದಿ ಮೇಲೆ ಬರಬೇಕು ಅಂತ ಅವರು ಹೇಳಿದ್ದು ಗಾಳಿಗೆ ಹೋಯಿತು. ಬೀದಿಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಆ ಬೆಂಕಿಯಲ್ಲಿ ಬೆಂದ ಹುಡುಗರಿಂದಲೇ ಈ ನಾಡಿನ ದಲಿತ ಚಳವಳಿ ಎದ್ದು ನಿಂತಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಕೈ ಹಾಕಿದ ಮಂತ್ರಿ ಇದೇ ಬಸವಲಿಂಗಪ್ಪ. ಆದರೆ ಅವರ ಹೆಸರು ಹೇಳಿ ನೋಡಿ, ಬೂಸಾ ಅಂತ ನಗುವವರು ಹತ್ತು ಜನ ಸಿಕ್ಕರೆ ಮಲದ ಬುಟ್ಟಿ ಇಳಿಸಿದವರು ಅಂತ ಕೈಮುಗಿಯುವವರು ಒಬ್ಬರು ಸಿಕ್ಕಾರು. ಒಬ್ಬ ನಾಯಕನ ಇಡೀ ಜೀವಮಾನವನ್ನು ಒಂದು ಶಬ್ದದೊಳಗೆ ತುರುಕಿ ಹೊಲಿಗೆ ಹಾಕುವ ಶಕ್ತಿ ಪತ್ರಿಕೆಗಿದೆ. ಆ ಸೂಜಿ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಬಾಬಾಸಾಹೇಬರನ್ನೂ ಬಿಡಲಿಲ್ಲ. 1949ರ ಆಗಸ್ಟ್‌ನಲ್ಲಿ ಶಂಕರ್ ಒಂದು ವ್ಯಂಗ್ಯಚಿತ್ರ ಬರೆದರು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾಟಿ ಹಿಡಿದು ಕೂತಿದ್ದಾರೆ, ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ, ಜನ ನಿಂತು ನೋಡುತ್ತಿದ್ದಾರೆ. 2006ರಲ್ಲಿ ಅದು ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪಠ್ಯಪುಸ್ತಕಕ್ಕೆ ಬಂತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವಾಗಿ ತೆಗೆಯುವ ತೀರ್ಮಾನವಾಯಿತು. ಆಗ ದೊಡ್ಡ ಮನುಷ್ಯರೆಲ್ಲ ನಮಗೆ ಉಪದೇಶ ಮಾಡಿದರು: ದಲಿತರಿಗೆ ಹಾಸ್ಯಪ್ರಜ್ಞೆ ಇಲ್ಲ, ನೆಹರೂ ತಮ್ಮ ಮೇಲಿನ ಚಿತ್ರಕ್ಕೆ ತಾವೇ ನಗುತ್ತಿದ್ದರು ಅಂತ. ಸ್ವಾಮಿ, ಬೆನ್ನ ಮೇಲೆ ಚಾಟಿಯ ಬಾಸುಂಡೆ ಇಲ್ಲದವರಿಗೆ ಚಾಟಿಯ ಚಿತ್ರ ನೋಡಿ ನಗುವುದು ಸುಲಭ. ಉನ್ನಮತಿ ಶ್ಯಾಮಸುಂದರ್ ಎಂಬುವರು 1932ರಿಂದ 1956ರವರೆಗೆ ಅಂಬೇಡ್ಕರ್ ಮೇಲೆ ಬಂದ ವ್ಯಂಗ್ಯಚಿತ್ರಗಳನ್ನು ಹುಡುಕಿ 2019ರಲ್ಲಿ ಪುಸ್ತಕ ಮಾಡಿದ್ದಾರೆ. ನೂರಕ್ಕೂ ಮೀರಿದ ಆ ಚಿತ್ರಗಳನ್ನು ಸಾಲಾಗಿ ನೋಡಿ. ಕುಳ್ಳ ಮಾಡಿ, ಮಗು ಮಾಡಿ, ಹೆಂಗಸು ಮಾಡಿ ಬರೆದಿದ್ದಾರೆ. ಒಂದು ಚಿತ್ರವಾದರೆ ತಮಾಷೆ. ಇಪ್ಪತ್ತನಾಲ್ಕು ವರ್ಷ ಒಂದೇ ಸಮ ಬಂದರೆ ಅದಕ್ಕೆ ತಮಾಷೆ ಅನ್ನೋದು ಹೆಂಗೆ?

ಹಾಗಾದರೆ ಪತ್ರಿಕೆಯವರ ಬಾಯಿ ಮುಚ್ಚಿಸಬೇಕಾ? ಹಾಸ್ಯ ಬರೆದವನ ಮೇಲೆ ಕೇಸು ಹಾಕಬೇಕಾ? ಖಂಡಿತ ಇಲ್ಲ. ಅದು ಧಣಿಗಳ ದಾರಿ. 2019ರ ಲೋಕಸಭಾ ಚುನಾವಣೆಯಲ್ಲಿ 'ನಿಖಿಲ್ ಎಲ್ಲಿದ್ದೀಯಪ್ಪಾ' ಅನ್ನುವ ಮಾತು ನಾಡಿನ ಮಕ್ಕಳ ಬಾಯಲ್ಲೂ ಬಂತು. ಮಂಡ್ಯದಲ್ಲಿ ನಿಖಿಲ್ ಸೋತ ಮೇಲೆ ಬಂದ ಒಂದು ಸುದ್ದಿಗೆ 'ವಿಶ್ವವಾಣಿ'ಯ ಸಂಪಾದಕ ವಿಶ್ವೇಶ್ವರ ಭಟ್ಟರ ಮೇಲೆ ಪೊಲೀಸ್ ಕೇಸು ಬಿತ್ತು. ಆಗ ನಿಖಿಲ್ ಅವರ ತಂದೆಯೇ ಮುಖ್ಯಮಂತ್ರಿ. ಭಟ್ಟರ ಬರವಣಿಗೆಗೂ ನಮಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಆ ಕೇಸು ತಪ್ಪು ಅಂತ ನಾವು ಹೇಳುತ್ತೇವೆ. ಇವತ್ತು ದೊಡ್ಡ ಸಂಪಾದಕನ ಮೇಲೆ ಬೀಳುವ ಲಾಠಿ ನಾಳೆ ನಮ್ಮ ಈ ಸಣ್ಣ ಪತ್ರಿಕೆಯ ಮೇಲೆ ಬೀಳುವಾಗ ಎರಡರಷ್ಟು ಜೋರಾಗಿ ಬೀಳುತ್ತದೆ.

ಇನ್ನೊಂದು ಮೋಸವೂ ಇದೆ. ಗೇಲಿ ಹೆಚ್ಚಾದಷ್ಟೂ ಗೇಲಿಗೊಳಗಾದ ದೊಡ್ಡವರಿಗೆ ಲಾಭ. ನೋಡ್ರಪ್ಪಾ, ನಾವು ಮಣ್ಣಿನ ಮಕ್ಕಳು ಅಂತ ಇವರು ನಗ್ತಾರೆ, ಹಳ್ಳಿಯವರನ್ನು ಕಂಡರೆ ಇವರಿಗೆ ಆಗಲ್ಲ ಅಂತ ಊರೂರಲ್ಲಿ ಕಣ್ಣೀರು ಹಾಕಬಹುದು. ಪಟ್ಟಣದವರ ನಗುವೇ ಅವರಿಗೆ ಗುರಾಣಿ. ಆ ಗುರಾಣಿಯ ಹಿಂದೆ ಊರಿನ ಯಜಮಾನಿಕೆ ಬೆಚ್ಚಗೆ ಕೂತಿರುತ್ತದೆ. ಮಣ್ಣಿನ ಮಗ ಅಂತೀರಲ್ಲ, ಮಣ್ಣು ಯಾರ ಹೆಸರಿನಲ್ಲಿದೆ? ಪಹಣಿ ತೆಗೆಯಿರಿ ನೋಡೋಣ. ಅದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದ ಒಳಗೆ ಹೋದರು ಅಂತ ದಲಿತ ಹೆಣ್ಣುಮಕ್ಕಳಿಗೆ ಊರವರು ದಂಡ ಹಾಕಿದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ದಲಿತರು ಗುಡಿಯ ಹೊಸಲು ದಾಟಬೇಕಾದರೆ ತಹಸೀಲ್ದಾರರು, ಪೊಲೀಸರು ಜೊತೆಗೆ ನಿಲ್ಲಬೇಕಾಯಿತು. ಸ್ವಾತಂತ್ರ್ಯ ಬಂದು ಎಪ್ಪತ್ತನಾಲ್ಕು ವರ್ಷದ ಮೇಲೆ! ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕಾ ಯಾರಿಗಾದರೂ? ನಿಂಬೆಹಣ್ಣಿನ ಮೇಲೆ ಕಾರ್ಯಕ್ರಮ ಮಾಡಿದ ಹಾಸ್ಯಗಾರರು ಸಿಗರನಹಳ್ಳಿಯ ದಂಡದ ಮೇಲೆ ಒಂದು ಮಾತು ಆಡಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ಮುದ್ದೆ ತಿನ್ನುವುದು ಅವಮಾನವಲ್ಲ. ಮುದ್ದೆ ಉಣ್ಣುವ ಇನ್ನೊಬ್ಬನನ್ನು ಗುಡಿಯ ಹೊರಗೆ ನಿಲ್ಲಿಸುವುದು ಅವಮಾನ. ಹಾಸ್ಯಗಾರ ಮೊದಲನೆಯದಕ್ಕೆ ನಗುತ್ತಾನೆ, ಯಜಮಾನ ಎರಡನೆಯದನ್ನು ಮಾಡುತ್ತಾನೆ, ಇಬ್ಬರಿಗೂ ಜಗಳವೇ ಇಲ್ಲ.

ಈ ನಗು ಎಷ್ಟು ಕ್ರೂರವಾಗಬಹುದು ಅನ್ನುವುದನ್ನು 2024ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆ ಕಂಡಿತು. ಹಾಸನದ ಸಂಸದ ಪ್ರಜ್ವಲ್ ರೇವಣ್ಣ ಮತ್ತೆ ಚುನಾವಣೆಗೆ ನಿಂತಿದ್ದರು. ಏಪ್ರಿಲ್ 26ರ ಮತದಾನಕ್ಕೆ ಮೊದಲು ಪೆನ್‌ಡ್ರೈವ್‌ಗಳು ಊರೂರಲ್ಲಿ ಹರಿದಾಡಿದವು. ಅದರೊಳಗೆ ಇದ್ದದ್ದು ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳು, ಅವರ ಮುಖವನ್ನೂ ಮರೆಮಾಡದೆ. ಅಂಗಡಿ ಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸಪ್ಪಿನಲ್ಲಿ ಪೆನ್‌ಡ್ರೈವ್ ಅನ್ನೋದು ಒಂದು ಜೋಕಾಯಿತು. ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು ಹಂಗಿಸುವ ಜೋಕು, ಒಂದು ಮನೆತನದ ಮೇಲೆ ಇನ್ನೊಂದು ಮನೆತನದ ಜೋಕು. ಆ ಜೋಕು ಹೇಳಿದವನಿಗೂ ಕೇಳಿದವನಿಗೂ ಮಜಾ. ಆದರೆ ಆ ಹೆಣ್ಣುಮಕ್ಕಳು? ಮನೆ ಬಾಗಿಲು ಹಾಕಿಕೊಂಡರು, ಊರು ಬಿಟ್ಟರು. ಎಷ್ಟೋ ಜನ ಠಾಣೆಯ ಮೆಟ್ಟಿಲು ಹತ್ತಲು ಹೆದರಿದ್ದಕ್ಕೆ ದೊಡ್ಡ ಮನೆಯ ಭಯ ಒಂದು ಕಾರಣ, ಈ ನಗುವಿನ ಭಯ ಇನ್ನೊಂದು ಕಾರಣ.

ಆದರೂ ಒಬ್ಬ ಮನೆಗೆಲಸದ ಹೆಣ್ಣುಮಗಳು ಎದ್ದು ನಿಂತಳು. ಕೋರ್ಟಿಗೆ ಬಂದು ನಡೆದದ್ದನ್ನು ನಡೆದಂತೆ ಹೇಳಿದಳು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣ ಅತ್ಯಾಚಾರದ ಅಪರಾಧಿ ಎಂದಿತು, ಮಾರನೆಯ ದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಶಿಕ್ಷೆಯ ಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ಮಾಜಿ ಪ್ರಧಾನಿಯ ಮೊಮ್ಮಗನನ್ನು, ಐದು ವರ್ಷ ಸಂಸತ್ತಿನಲ್ಲಿ ಕೂತವನನ್ನು ಕಟಕಟೆಗೆ ತಂದು ನಿಲ್ಲಿಸಿದ್ದು ಯಾವ ಟಿ.ವಿ. ಹಾಸ್ಯವೂ ಅಲ್ಲ, ಯಾವ ಟ್ರೋಲೂ ಅಲ್ಲ. ಪಾತ್ರೆ ತೊಳೆದು ಬದುಕುವ ಒಬ್ಬ ತಾಯಿಯ ಬಾಯಿಮಾತು. ನಮ್ಮ ಚಳವಳಿಯ ಹಾಡುಗಳಲ್ಲಿ ಆ ತಾಯಿಗೆ ಜಾಗವಿರಬೇಕು.

ನಾವು ನಗೆಯ ವೈರಿಗಳಲ್ಲ. ಕೇರಿಯಲ್ಲಿ ಹುಟ್ಟಿದವರಿಗೆ ನಗೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿ ಹಾಕುವಾಗ, ರಾಗಿ ಬೀಸುವಾಗ ನಮ್ಮ ಹೆಂಗಸರು ಗೌಡನ ಮೀಸೆಯನ್ನೂ ಶಾನುಭೋಗನ ಲೆಕ್ಕವನ್ನೂ ಹಿಡಿದು ಆಡಿಸಿದ್ದನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ಅಧಿಕಾರಕ್ಕೆ ತಾಗುವ ಹಾಸ್ಯವನ್ನು ಕನ್ನಡ ಕಂಡಿದೆ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತಿನ ಹಂಗಿಲ್ಲದೆ ಗುಂಡೂರಾಯರ ದರ್ಬಾರನ್ನು ವಾರವಾರವೂ ಬಯಲಿಗೆಳೆಯಿತು. ಅಲ್ಲೂ ಮೈಯನ್ನು ಹಂಗಿಸುವ ಮಾತು ಇರಲಿಲ್ಲ ಅಂತಲ್ಲ, ಆದರೆ ನರಗುಂದ ನವಲಗುಂದದ ರೈತರ ಮೇಲೆ ಗುಂಡು ಹಾರಿಸಿದ ಸರ್ಕಾರಕ್ಕೆ ಆ ನಗು ಉರಿ ಹತ್ತಿಸಿತ್ತು. 1983ರ ಚುನಾವಣೆಯಲ್ಲಿ ಆ ಸರ್ಕಾರ ಮಣ್ಣುಮುಕ್ಕಿತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು, ಅವರಲ್ಲಿ 8 ಜನ ದಲಿತರು. ಆಗಸ್ಟ್‌ನಲ್ಲಿ ಇಂದಿರಾ ಗಾಂಧಿ ಆನೆಯ ಮೇಲೆ ಆ ಊರಿಗೆ ಹೋದರು. ಪತ್ರಿಕೆಗಳ ಪುಣ್ಯದಿಂದ ದೇಶಕ್ಕೆ ಆನೆ ನೆನಪಿದೆ. ಸತ್ತವರನ್ನು ನೆನಪಿಟ್ಟದ್ದು ಕನ್ನಡದ ಬೀದಿಗಳಲ್ಲಿ 'ಬೆಲ್ಚಿ' ನಾಟಕ ಆಡಿದ 'ಸಮುದಾಯ'ದ ಹುಡುಗರು. ಪತ್ರಿಕೆ ಕೈಬಿಟ್ಟಿದ್ದನ್ನು ಬೀದಿ ಎತ್ತಿಕೊಂಡಿತು.

ನಮ್ಮ ರುದ್ರಪಟ್ಟಣದ ಹೆಸರು ಪತ್ರಿಕೆಯಲ್ಲಿ ಬರುವುದು ಸಂಗೀತದ ಕಾರಣಕ್ಕೆ. ಸಂಕೇತಿ ಮನೆತನಗಳ ವಿದ್ವಾಂಸರು, ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರ, ವರ್ಷವರ್ಷದ ಸಂಗೀತೋತ್ಸವ. ಆ ವಿದ್ಯೆಯ ಮೇಲೆ ನಮಗೆ ಅಸೂಯೆಯಿಲ್ಲ. ಆದರೆ ಈ ಹೊಳೆದಂಡೆಯಲ್ಲಿ ತಮಟೆಯೂ ಇದೆ, ಅರೆಯೂ ಇದೆ, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ಕೂಲಿಯವನ ಕೆಮ್ಮೂ ಇದೆ. ಒಂದು ಊರಿಗೆ ಒಂದೇ ದನಿ ಅಂತ ತೀರ್ಮಾನ ಮಾಡುವ ಪತ್ರಿಕೆ, ಒಬ್ಬ ನಾಯಕನಿಗೆ ಒಂದೇ ಮುಖ ಅಂತಲೂ ತೀರ್ಮಾನ ಮಾಡುತ್ತದೆ. ಎರಡೂ ಒಂದೇ ಕಣ್ಣಿನ ಕೆಲಸ.

ಹಳ್ಳಿಗಳಲ್ಲಿ ಪಾಠ ಹೇಳುತ್ತಿರುವ ಮೇಷ್ಟ್ರುಗಳೆ, ನಿಮ್ಮಲ್ಲಿ ನಮ್ಮದೊಂದು ಒತ್ತಾಯ. ವಾರಕ್ಕೊಂದು ದಿನ ತರಗತಿಗೆ ಪತ್ರಿಕೆ ತನ್ನಿ. ಒಂದು ವ್ಯಂಗ್ಯಚಿತ್ರ ಅಥವಾ ಮೊಬೈಲಿನಲ್ಲಿ ಓಡಾಡುತ್ತಿರುವ ಒಂದು ಟ್ರೋಲನ್ನು ಮಕ್ಕಳ ಮುಂದಿಟ್ಟು ಕೇಳಿ: ಇಲ್ಲಿ ನಗುತ್ತಿರುವುದು ಯಾವುದಕ್ಕೆ, ಆ ಮನುಷ್ಯನ ಊಟಕ್ಕೋ, ಭಾಷೆಗೋ, ಬಣ್ಣಕ್ಕೋ, ಇಲ್ಲಾ ಅವನು ಸಹಿ ಹಾಕಿದ ಕಾಗದಕ್ಕೋ? ಈ ಚಿತ್ರದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಈ ನಗುವಿನಿಂದ ನಾಳೆ ಬೆಳಿಗ್ಗೆ ಯಾರಿಗೆ ನಷ್ಟ? ಏಳನೇ ಕ್ಲಾಸಿನ ಮಕ್ಕಳು ಕೊಡುವ ಉತ್ತರ ಕೇಳಿ ದೊಡ್ಡ ಸಂಪಾದಕರು ಬೆಚ್ಚಿಬೀಳಬೇಕು.

ವಿದ್ಯಾರ್ಥಿ ಗೆಳೆಯರೆ, ನಿಮ್ಮ ಕೈಯಲ್ಲಿ ಈಗ ಕ್ಯಾಮೆರಾ ಇದೆ. ಅಕ್ಷರ ಕೈಗೆ ಬಂದಾಗ ನಮ್ಮ ಹಿಂದಿನವರು ಅದನ್ನು ಧಣಿಯ ಲೆಕ್ಕ ಬರೆಯಲು ಮಾತ್ರ ಬಳಸಲಿಲ್ಲ, ಧಣಿಯ ಲೆಕ್ಕ ಕೇಳಲು ಬಳಸಿದರು. ನೀವೂ ಹಾಗೆಯೇ ಮಾಡಿ. ಮಂತ್ರಿಯ ನಿದ್ದೆ ಹಿಡಿಯಬೇಡಿ. ಮಂತ್ರಿ ಬಂದು ಹೋದ ಮೇಲೆ ಆರು ತಿಂಗಳು ಬಿಟ್ಟು ಅದೇ ಶಿಬಿರದ ಜನರ ಮನೆಗೆ ಹೋಗಿ, ಅವರು ಹೇಳುವುದನ್ನು ಹಿಡಿಯಿರಿ. ಗ್ರಾಮಸಭೆಯ ನಡಾವಳಿ ಹಿಡಿಯಿರಿ. ಗುಡಿಯ ಬಾಗಿಲನ್ನು, ಹೋಟೆಲಿನ ಲೋಟವನ್ನು, ಸ್ಮಶಾನಕ್ಕೆ ಜಾಗವಿಲ್ಲದ ಊರನ್ನು ಹಿಡಿಯಿರಿ. ದೊಡ್ಡವರು ಹೇಳುವ ದೊಡ್ಡ ಮಾತನ್ನು ಆ ಚಿತ್ರದ ಪಕ್ಕದಲ್ಲಿ ಸುಮ್ಮನೆ ಇಡಿ. ನಗು ತಾನಾಗಿ ಬರುತ್ತದೆ. ಆ ನಗು ಕೇಳಿದರೆ ಕುರ್ಚಿಯಲ್ಲಿ ಕೂತವರಿಗೆ ನಿದ್ದೆ ಬರುವುದಿಲ್ಲ.